ಅಂಗೈಯಗಲದ ಗಣಕದಿಂದ ಊರಿನದೇ ನಿಸ್ತಂತು ಜಾಲ

2019ರ ಆಗಸ್ಟ್ ತಿಂಗಳಿನಲ್ಲಿ ಘಟಪ್ರಭಾ ಹಾಗೂ ಮಾರ್ಕಂಡೇಯ ನದಿಗಳು ಒಟ್ಟಿಗೆ ಉಕ್ಕಿ ಹರಿದು ಗೋಕಾಕ ಪಟ್ಟಣದ ತಗ್ಗು ಪ್ರದೇಶಗಳನ್ನು ಆವರಿಸಿದವು. ಲೋಳಸೂರ ಸೇತುವೆ ಜಲಾವೃತಗೊಂಡು ಸಂಚಾರ ಸ್ಥಗಿತಗೊಂಡಿತು. ಹುಕ್ಕೇರಿ ತಾಲ್ಲೂಕಿನಲ್ಲಿ ಹಿರಣ್ಯಕೇಶಿಯು ಸಂಕೇಶ್ವರದ ನದಿತೀರಕ್ಕೆ ನುಗ್ಗಿತು. 2021ರ ಜುಲೈನಲ್ಲಿ ಈ ಸೀಮೆ ಮತ್ತೊಮ್ಮೆ ನೆರೆಯನ್ನು ಕಂಡಿತು. ಪ್ರವಾಹ ಬಂದಾಗ ಮೊದಲು ಕಡಿತಗೊಳ್ಳುವುದು ವಿದ್ಯುತ್. ಬ್ಯಾಟರಿ, ಡೀಸೆಲ್ ತೀರಿದಂತೆಲ್ಲ ಮೊಬೈಲ್ ಗೋಪುರಗಳೂ ಒಂದೊಂದಾಗಿ ಮೌನ ತಾಳುತ್ತವೆ. ಆಗ ಪರಿಹಾರ ಕೇಂದ್ರವಾಗಿ ಪರಿವರ್ತಿತವಾದ ಶಾಲೆಯೊಂದರಲ್ಲಿ ನೂರಾರು ಜನರ ಕೈಯಲ್ಲಿ ಮೊಬೈಲ್ ಇದ್ದರೂ ಅವು ಕೇವಲ ಬ್ಯಾಟರಿ ದೀಪಗಳಾಗಿ ಉಳಿಯುತ್ತವೆ. ಅಂತರ್ಜಾಲ ಇಲ್ಲವೆಂದರೆ ಜಾಲವೇ ಇಲ್ಲವೆಂಬುದು ನಮ್ಮ ರೂಢಿಗತ ತಿಳಿವಳಿಕೆ.

ಈ ತಿಳಿವಳಿಕೆ ಪೂರ್ಣ ಸತ್ಯವಲ್ಲ. ಒಂದೇ ಕಟ್ಟಡದೊಳಗಿನ ಮೊಬೈಲ್‌ಗಳು ಹೊರಜಗತ್ತಿನ ಸಂಪರ್ಕವಿಲ್ಲದೆಯೂ ಒಂದು ನಿಸ್ತಂತು ಜಾಲದಲ್ಲಿ ಸೇರಬಲ್ಲವು. ಬೇಕಾದುದು ಆ ಜಾಲವನ್ನು ಹುಟ್ಟುಹಾಕುವ ಒಂದು ಪ್ರವೇಶ ಬಿಂದು ಹಾಗೂ ಆ ಜಾಲದಲ್ಲಿ ಏನನ್ನಾದರೂ ನೀಡಬಲ್ಲ ಒಂದು ಗಣಕ. ಏಕಫಲಕ ಗಣಕವೆಂಬ ಸಣ್ಣ ಸಾಧನವು ಈ ಎರಡೂ ಪಾತ್ರಗಳನ್ನು ತಾನೇ ನಿರ್ವಹಿಸುತ್ತದೆ. ಅದನ್ನು ಸಿದ್ಧಗೊಳಿಸುವ ಬಗೆ, ಅದರ ಮಿತಿಗಳು ಹಾಗೂ ಗೋಕಾಕ, ಮೂಡಲಗಿ, ಹುಕ್ಕೇರಿ ಪರಿಸರದಲ್ಲಿ ಎದುರಾಗುವ ತೊಡಕುಗಳನ್ನು ಇಲ್ಲಿ ವಿವರಿಸಲಾಗಿದೆ.

ಸಾಧನ ಯಾವುದು?

ಏಕಫಲಕ ಗಣಕಗಳಲ್ಲಿ ಹೆಚ್ಚು ಪ್ರಚಲಿತವಾದುದು ಬ್ರಿಟನ್‌ನ ರಾಸ್ಪ್‌ಬೆರಿ ಪೈ. ಶಾಲಾ ಮಕ್ಕಳಿಗೆ ಗಣಕದ ಒಳಗುಟ್ಟು ಕಲಿಸುವ ಉದ್ದೇಶದಿಂದ ರೂಪುಗೊಂಡ ಇದು 2012ರ ಫೆಬ್ರುವರಿ 29ರಂದು ಮಾರುಕಟ್ಟೆಗೆ ಬಂದಿತು. ಇಸ್ಪೀಟೆಲೆಗಳ ಕಟ್ಟಿನಷ್ಟು ಗಾತ್ರದ ಒಂದೇ ಫಲಕದ ಮೇಲೆ ಸಂಸ್ಕಾರಕ, ಸ್ಮೃತಿ, ಯುಎಸ್‌ಬಿ ಕಿಂಡಿಗಳೆಲ್ಲವೂ ಅಡಕವಾಗಿವೆ. ಮೊದಲ ಮಾದರಿಗಳಲ್ಲಿ ವೈ-ಫೈ ಇರಲಿಲ್ಲ. 2016ರಲ್ಲಿ ಬಂದ ಮೂರನೆಯ ಮಾದರಿಯಲ್ಲಿ ಮೊದಲ ಬಾರಿಗೆ ಅದು ಫಲಕದೊಳಗೇ ಸೇರಿತು. 2018ರ 3 ಬಿ ಪ್ಲಸ್, 2019ರ ಪೈ 4 ಹಾಗೂ 2023ರ ಪೈ 5 ಮಾದರಿಗಳು 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ತರಂಗಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. 2021ರ ಜೀರೋ 2 ಡಬ್ಲ್ಯೂ ಎಂಬ ಕಿರಿಯ ಸೋದರನಿಗೆ 2.4 ಮಾತ್ರ ಗೊತ್ತು. ಗ್ರಂಥಾಲಯವೊಂದರ ಕೆಲಸಕ್ಕೆ ಹಳೆಯ ಪೈ 3 ಧಾರಾಳವಾಗಿ ಸಾಕು. ಹೊಸ ಮಾದರಿಯೇ ಬೇಕೆಂಬ ಹಟ ಅನಗತ್ಯ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮನೆಯ ಅಂತರ್ಜಾಲ ಸಂಪರ್ಕವನ್ನು ನಾಲ್ಕು ಮೊಬೈಲ್‌ಗಳಿಗೆ ಹಂಚುವುದಷ್ಟೇ ಉದ್ದೇಶವಾಗಿದ್ದರೆ ಈ ಗಣಕವನ್ನು ಕೊಳ್ಳಬೇಡಿ. ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ರೂಟರ್ ಅದಕ್ಕಿಂತ ಅಗ್ಗ, ಅದರ ಆಂಟೆನಾ ಬಲಶಾಲಿ, ನಿರ್ವಹಣೆಯೂ ಸುಲಭ. ಪೈ ಫಲಕದೊಳಗಿನ ಆಂಟೆನಾ ಉಗುರಿನಷ್ಟು ಚಿಕ್ಕದು. ಅದರ ಸಂಕೇತ ಒಂದು ಕೊಠಡಿಯನ್ನು ತುಂಬಿ ಪಕ್ಕದ ಕೊಠಡಿಗೆ ಇಣುಕಿದರೆ ಅದೇ ಹೆಚ್ಚು. ಏಕಕಾಲಕ್ಕೆ ಹತ್ತಿಪ್ಪತ್ತು ಮೊಬೈಲ್‌ಗಳು ಸೇರಿದರೆ ಅದು ದಣಿಯುತ್ತದೆ. ಆದರೆ ಪೆಟ್ಟಿಗೆಯೊಳಗೇ ಪುಸ್ತಕಗಳು ಇರಬೇಕು, ಹೊರಗಿನ ತಂತಿ ಕಡಿದರೂ ಒಳಗಿನ ಓದು ನಿಲ್ಲಬಾರದು ಎಂದಾದಾಗ ಸಾಮಾನ್ಯ ರೂಟರ್ ಕೈಚೆಲ್ಲುತ್ತದೆ. ಈ ಗಣಕದ ಉಪಯುಕ್ತತೆ ಅಲ್ಲಿಂದ ಆರಂಭ.

ಪೆಟ್ಟಿಗೆಯೊಳಗೆ ಏನಿರಬೇಕು?

ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಇಂದು ಮೂವತ್ತು ಸಾವಿರಕ್ಕೂ ಅಧಿಕ ಲೇಖನಗಳನ್ನು ಹೊಂದಿರುವ ಈ ವಿಶ್ವಕೋಶವನ್ನು ಇಡಿಯಾಗಿ ಒಂದೇ ಕಡತವಾಗಿ ಇಳಿಸಿಕೊಳ್ಳಬಹುದೆಂಬುದು ಬಹುಮಂದಿಗೆ ತಿಳಿದಿಲ್ಲ. ಕಿವಿಕ್ಸ್ ಎಂಬ ಮುಕ್ತ ತಂತ್ರಾಂಶ ಯೋಜನೆಯು ವಿಕಿಪೀಡಿಯ, ವಿಕ್ಷನರಿ ಮೊದಲಾದವುಗಳನ್ನು ಜಿಮ್ ಎಂಬ ಸಂಕುಚಿತ ಕಡತಗಳಾಗಿಸಿ ಉಚಿತವಾಗಿ ನೀಡುತ್ತದೆ. ಆ ಕಡತವನ್ನು ಪೈ ಗಣಕದ ಮೆಮೊರಿ ಕಾರ್ಡ್‌ನಲ್ಲಿಟ್ಟು ಕಿವಿಕ್ಸ್ ಪರಿಚಾರಕ ತಂತ್ರಾಂಶವನ್ನು ಚಾಲನೆಗೊಳಿಸಿದರೆ, ಜಾಲಕ್ಕೆ ಸೇರಿದ ಯಾವುದೇ ಮೊಬೈಲ್‌ನ ಬ್ರೌಸರ್‌ನಲ್ಲಿ ವಿಶ್ವಕೋಶ ತೆರೆದುಕೊಳ್ಳುತ್ತದೆ. ಮೊಬೈಲ್‌ಗೆ ಪ್ರತ್ಯೇಕ ಆ್ಯಪ್ ಬೇಕಿಲ್ಲ, ಡೇಟಾ ಖರ್ಚಿಲ್ಲ.

ಕರ್ನಾಟಕ ಪಠ್ಯಪುಸ್ತಕ ಸಂಘವು ಶಾಲಾ ಪಠ್ಯಪುಸ್ತಕಗಳನ್ನು ಪಿಡಿಎಫ್ ರೂಪದಲ್ಲಿ ಪ್ರಕಟಿಸುತ್ತದೆ, ಅವನ್ನೂ ತುಂಬಿಸಿಡಬಹುದು. ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದಂತಹ ಸಂಸ್ಥೆಗಳ ಬೆಳೆ ಮಾಹಿತಿಯನ್ನು ಅನುಮತಿ ಪಡೆದು ಸೇರಿಸಿದರೆ ರೈತರೂ ಈ ಪೆಟ್ಟಿಗೆಯತ್ತ ತಿರುಗಿಯಾರು. ಎಲ್ಲವನ್ನೂ ಒಟ್ಟುಗೂಡಿಸಿ ಕೊಡುವ ಇಂಟರ್ನೆಟ್-ಇನ್-ಎ-ಬಾಕ್ಸ್ ಎಂಬ ಸಿದ್ಧ ತಂತ್ರಾಂಶ ಸಮೂಹವೂ ಉಂಟು. ಅನುಭವವಿಲ್ಲದವರು ಅದರಿಂದಲೇ ಆರಂಭಿಸಬಹುದಾದರೂ, ಒಮ್ಮೆಯಾದರೂ ಕೈಯಾರೆ ಜೋಡಿಸಿದವರಿಗೆ ಕೆಟ್ಟಾಗ ರಿಪೇರಿ ಮಾಡುವ ಧೈರ್ಯ ಬರುತ್ತದೆ.

ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಸಂಖ್ಯೆ ಐದು ಸಾವಿರಕ್ಕೂ ಅಧಿಕ. ಅರಿವು ಕೇಂದ್ರಗಳೆಂಬ ಹೊಸ ಹೆಸರು ಪಡೆದ ಇವುಗಳಲ್ಲಿ ಹಲವೆಡೆ ಗಣಕಗಳಿವೆ. ಗಣಕದ ಮುಂದೆ ಒಬ್ಬರು ಕುಳಿತರೆ ಉಳಿದವರು ಕಾಯಬೇಕು. ಜೇಬಿನಲ್ಲಿರುವ ಮೊಬೈಲ್‌ಗಳನ್ನೇ ಓದುವ ಮೇಜುಗಳಾಗಿಸುವುದು ಈ ಯೋಜನೆಯ ಸಾರ.

ಜೋಡಣೆಯ ಕ್ರಮ

ಮೊದಲಿಗೆ ಬೇರೊಂದು ಗಣಕದಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ತಂತ್ರಾಂಶವನ್ನು ತೆರೆದು, ರಾಸ್ಪ್‌ಬೆರಿ ಪೈ ಓಎಸ್ ಕಾರ್ಯಾಚರಣ ವ್ಯವಸ್ಥೆಯನ್ನು ಮೆಮೊರಿ ಕಾರ್ಡ್‌ಗೆ ಬರೆಯಬೇಕು. ಆಗಲೇ ಬಳಕೆದಾರರ ಹೆಸರು, ಗುಪ್ತಪದಗಳ ಜೊತೆಗೆ ವೈ-ಫೈ ದೇಶವನ್ನು ಭಾರತ ಎಂದು ಆರಿಸುವುದನ್ನು ಮರೆಯಬಾರದು. ಯಾವ ದೇಶದಲ್ಲಿ ಯಾವ ಚಾನೆಲ್ ಬಳಸಬಹುದೆಂಬ ನಿಯಮ ಬೇರೆಬೇರೆ ಇರುವುದರಿಂದ, ದೇಶ ಗೊತ್ತಾಗುವವರೆಗೆ ಈ ವ್ಯವಸ್ಥೆಯು ನಿಸ್ತಂತು ಭಾಗವನ್ನು ಬಂದ್ ಮಾಡಿಯೇ ಇಡುತ್ತದೆ. ಯಂತ್ರ ಕೆಟ್ಟಿದೆಯೆಂದು ಅಂಗಡಿಗೆ ಮರಳಿಸಲು ಹೊರಡುವ ಮೊದಲು ಇದನ್ನೊಮ್ಮೆ ಪರಿಶೀಲಿಸಬೇಕು.

ಬಳಿಕ ಈಥರ್‌ನೆಟ್ ತಂತಿಯ ಮೂಲಕ ಅಂತರ್ಜಾಲ ಒದಗಿಸಿ ಕಿವಿಕ್ಸ್ ಹಾಗೂ ಕಡತಗಳನ್ನು ಇಳಿಸಿಕೊಳ್ಳಬೇಕು. ಈ ಕೆಲಸ ಮೊದಲೇ ಮುಗಿಯುವುದು ಲೇಸು. ನಿಸ್ತಂತು ಭಾಗವು ಪ್ರವೇಶ ಬಿಂದುವಾಗಿ ಬದಲಾದ ನಂತರ ಅದರಿಂದಲೇ ಅಂತರ್ಜಾಲ ಪಡೆಯುವುದು ಕಷ್ಟ. ಒಂದೇ ರೇಡಿಯೋ ಎರಡು ಕೆಲಸ ಮಾಡಿದರೆ ಎರಡೂ ಒಂದೇ ಚಾನೆಲ್‌ನಲ್ಲಿ ಇರಬೇಕಾಗುತ್ತದೆ, ವೇಗವೂ ಕುಸಿಯುತ್ತದೆ.

ಪ್ರವೇಶ ಬಿಂದುವನ್ನು ರೂಪಿಸಲು ಎರಡು ದಾರಿಗಳಿವೆ. ಪರದೆ ಇದ್ದರೆ ಮೇಲಂಚಿನ ಜಾಲದ ಚಿಹ್ನೆಯನ್ನು ಒತ್ತಿ, ಸುಧಾರಿತ ಆಯ್ಕೆಗಳಲ್ಲಿ ವೈರ್‌ಲೆಸ್ ಹಾಟ್‌ಸ್ಪಾಟ್ ಸೃಷ್ಟಿಸುವ ಆಯ್ಕೆಯನ್ನು ಬಳಸಬಹುದು. ಪರದೆ ಇಲ್ಲದಿದ್ದರೆ ಎನ್‌ಎಂ-ಟಿಯುಐ ಎಂಬ ಅಕ್ಷರ ಮಾತ್ರದ ಪಟ್ಟಿ ಇದೆ. ಅದರಲ್ಲಿ ಹೊಸ ವೈ-ಫೈ ಸಂಪರ್ಕವೊಂದನ್ನು ಸೇರಿಸಿ, ವಿಧಾನ ಎಂಬಲ್ಲಿ ಆಕ್ಸೆಸ್ ಪಾಯಿಂಟ್ ಎಂದೂ, ಭದ್ರತೆ ಎಂಬಲ್ಲಿ ಡಬ್ಲ್ಯೂಪಿಎ-2 ಎಂದೂ, ಐಪಿವಿ-4 ಎಂಬಲ್ಲಿ ಶೇರ್ಡ್ ಎಂದೂ ಆರಿಸಬೇಕು. ಶೇರ್ಡ್ ಎಂಬ ಒಂದು ಆಯ್ಕೆಯಲ್ಲಿ ಬಹಳಷ್ಟು ಕೆಲಸ ಅಡಗಿದೆ. ಬಂದ ಪ್ರತಿ ಮೊಬೈಲ್‌ಗೆ ವಿಳಾಸ ಹಂಚುವುದು, ಈಥರ್‌ನೆಟ್‌ನಲ್ಲಿ ಅಂತರ್ಜಾಲ ಇದ್ದರೆ ಅದನ್ನು ಒಳಕ್ಕೆ ಹಾಯಿಸುವುದು, ಎರಡನ್ನೂ ನೆಟ್‌ವರ್ಕ್ ಮ್ಯಾನೇಜರ್ ತಾನೇ ನೋಡಿಕೊಳ್ಳುತ್ತದೆ. ಗಣಕದ ಸ್ವಂತ ವಿಳಾಸ ಸಾಮಾನ್ಯವಾಗಿ 10.42.0.1 ಎಂದಾಗಿರುತ್ತದೆ. ಮೊಬೈಲ್‌ನ ಬ್ರೌಸರ್‌ನಲ್ಲಿ ಈ ಅಂಕಿಗಳನ್ನು, ಅವುಗಳ ಮುಂದೆ ಕಿವಿಕ್ಸ್‌ಗೆ ಗೊತ್ತುಪಡಿಸಿದ ಪೋರ್ಟ್ ಸಂಖ್ಯೆಯನ್ನು ಬರೆದರೆ ಗ್ರಂಥಾಲಯದ ಬಾಗಿಲು ತೆರೆಯುತ್ತದೆ. ಈ ವಿಳಾಸವನ್ನು ದಪ್ಪಕ್ಷರಗಳಲ್ಲಿ ಮುದ್ರಿಸಿ ಗೋಡೆಗೆ ಅಂಟಿಸುವುದು ಒಳ್ಳೆಯದು.

ಹಳೆಯ ಮಾರ್ಗದರ್ಶಿಗಳನ್ನು ನೋಡಿ ಜೋಡಿಸುವವರು ಎಚ್ಚರ ವಹಿಸಬೇಕು. ಹೋಸ್ಟ್‌ಎಪಿಡಿ, ಡಿಎನ್‌ಎಸ್‌ಮಾಸ್ಕ್, ಡಿಎಚ್‌ಸಿಪಿಸಿಡಿ ಎಂಬ ಮೂರು ತಂತ್ರಾಂಶಗಳ ಕಡತಗಳನ್ನು ಕೈಯಿಂದ ತಿದ್ದುವ ಕ್ರಮ ಹಲವು ವರ್ಷ ರೂಢಿಯಲ್ಲಿತ್ತು. 2023ರ ಅಕ್ಟೋಬರ್‌ನಲ್ಲಿ ಬಂದ ಬುಕ್‌ವರ್ಮ್ ಆವೃತ್ತಿಯಿಂದ ಜಾಲದ ಹೊಣೆ ನೆಟ್‌ವರ್ಕ್ ಮ್ಯಾನೇಜರ್‌ಗೆ ವರ್ಗಾಯಿಸಲ್ಪಟ್ಟಿದೆ. ಹಳೆಯ ಕ್ರಮವನ್ನು ಹೊಸ ವ್ಯವಸ್ಥೆಯ ಮೇಲೆ ಹೇರಿದರೆ ಇಬ್ಬರು ಚಾಲಕರು ಒಂದೇ ಎತ್ತಿನ ಬಂಡಿಯನ್ನು ಹೂಡಿದಂತಾದೀತು.

ಕನ್ನಡದಲ್ಲೊಂದು ಹೆಸರು

ಜಾಲಕ್ಕೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ಆದರೆ ಹೆಸರಿಗೆ ದೊರೆಯುವ ಜಾಗ 32 ಬೈಟ್‌ಗಳು ಮಾತ್ರ. ಇಂಗ್ಲಿಷ್ ಅಕ್ಷರವೊಂದಕ್ಕೆ ಒಂದು ಬೈಟ್ ಸಾಕಾದರೆ, ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಒತ್ತು, ಸ್ವರಚಿಹ್ನೆ, ಅನುಸ್ವಾರಗಳೆಲ್ಲ ಪ್ರತ್ಯೇಕ ಲೆಕ್ಕ. 'ಮೂಡಲಗಿ'ಗೆ 18 ಬೈಟ್, 'ಹುಕ್ಕೇರಿ'ಗೆ 24, 'ಗ್ರಂಥಾಲಯ'ಕ್ಕೂ 24. 'ಗೋಕಾಕ ಗ್ರಂಥಾಲಯ' ಎಂದು ಬರೆಯಹೊರಟರೆ 40 ಆಗಿ ಯಂತ್ರ ನಿರಾಕರಿಸುತ್ತದೆ. ಬರೇ 'ಗ್ರಂಥಾಲಯ' ಎಂದರೆ ಅಡ್ಡಿಯಿಲ್ಲ. ಗುಪ್ತಪದಕ್ಕೆ ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿಗಳನ್ನೇ ಬಳಸಬೇಕು, ಕನಿಷ್ಠ ಎಂಟು.

2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಆರಿಸುವಾಗ 1, 6, 11 ಇವುಗಳಲ್ಲಿ ಒಂದನ್ನು ಹಿಡಿಯುವುದು ಲೇಸು. ಇವು ಪರಸ್ಪರ ಅತಿಕ್ರಮಿಸುವುದಿಲ್ಲ.

ಇನ್ನೊಂದು ಕಿರಿಕಿರಿಯು ಬಹಳ ಜನರನ್ನು ನಿರಾಶೆಗೊಳಿಸಿದೆ. ಮೊಬೈಲ್ ಈ ಜಾಲಕ್ಕೆ ಸೇರಿದ ಕ್ಷಣ ತನ್ನ ತಯಾರಕರ ಪರಿಚಾರಕವೊಂದನ್ನು ತಲುಪಲು ಯತ್ನಿಸುತ್ತದೆ. ಅದು ಸಿಗದಿದ್ದರೆ ಅಂತರ್ಜಾಲ ಲಭ್ಯವಿಲ್ಲ ಎಂಬ ಸೂಚನೆ ನೀಡಿ, ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಿಗಿಯುತ್ತದೆ. ಬ್ರೌಸರ್ ಆಗ 10.42.0.1 ಅನ್ನು ಸಿಮ್‌ನ ದಾರಿಯಲ್ಲಿ ಹುಡುಕಿ ಸೋಲುತ್ತದೆ. ಪೆಟ್ಟಿಗೆ ಸರಿಯಾಗಿಯೇ ಇದ್ದರೂ ಕೆಟ್ಟಿದೆ ಎಂಬ ಅಪವಾದ ಬರುತ್ತದೆ. ಮೊಬೈಲ್ ಡೇಟಾ ಆರಿಸುವುದು ಅಥವಾ 'ಈ ಜಾಲದಲ್ಲೇ ಉಳಿಯಲಿ' ಎಂಬರ್ಥದ ಸೂಚನೆಗೆ ಒಪ್ಪುವುದು ಇದಕ್ಕೆ ಪರಿಹಾರ. ಗೋಡೆಯ ಕಾಗದದಲ್ಲಿ ಈ ವಾಕ್ಯವೂ ಇರಲಿ.

ಕಲ್ಲುಗೋಡೆ, ತಗಡು, ಕಬ್ಬು

ಗೋಕಾಕ ಸೀಮೆಯ ಹಳೆಯ ಮನೆ, ಶಾಲೆಗಳ ದಪ್ಪ ಕಲ್ಲುಗೋಡೆಗಳು ಬೇಸಿಗೆಯಲ್ಲಿ ತಂಪು ನೀಡುತ್ತವೆ. ನಿಸ್ತಂತು ತರಂಗಗಳಿಗೆ ಮಾತ್ರ ಅವು ಶತ್ರು. 5 ಗಿಗಾಹರ್ಟ್ಸ್ ವೇಗದಲ್ಲಿ ಮುಂದು, ಗೋಡೆ ದಾಟುವುದರಲ್ಲಿ ಹಿಂದು. ಇಂತಹ ಕಟ್ಟಡಗಳಲ್ಲಿ 2.4 ಅನ್ನೇ ಆರಿಸಿ, ಸಾಧನವನ್ನು ಬಾಗಿಲಿನ ನೇರಕ್ಕೆ, ಆಳೆತ್ತರದಲ್ಲಿ ಇಡಬೇಕು. ಕರದಂಟು ಮುಗಿದ ತಗಡಿನ ಡಬ್ಬಿ ಗಾತ್ರದಲ್ಲಿ ಈ ಫಲಕಕ್ಕೆ ಹೇಳಿ ಮಾಡಿಸಿದಂತಿದ್ದರೂ ಅದರೊಳಗೆ ಕೂರಿಸಕೂಡದು. ಲೋಹದ ಡಬ್ಬಿ ತರಂಗಗಳನ್ನು ಒಳಗೇ ಬಂಧಿಸುತ್ತದೆ. ಗಾಳಿಯಾಡುವ ಪ್ಲಾಸ್ಟಿಕ್ ಪೆಟ್ಟಿಗೆ ಸೂಕ್ತ.

ಒಂದು ಕಟ್ಟಡದಿಂದ ಇನ್ನೊಂದಕ್ಕೆ ಜಾಲ ಒಯ್ಯಬೇಕೆಂದಾದರೆ ಫಲಕದ ಆಂಟೆನಾ ಸಾಲದು. ಹೊರಾಂಗಣದ ದಿಕ್ಕುಸೂಚಿ ಆಂಟೆನಾ ಉಳ್ಳ ಸಾಧನ ಬೇಕು. 2018ರ ಹೊತ್ತಿಗೆ ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿಯ ನೀರಾವರಿ ಬಯಲಿನಲ್ಲಿ ಗುಡ್ಡದ ಅಡ್ಡಿಯಿಲ್ಲ, ಆದರೆ ಕಬ್ಬಿನ ಅಡ್ಡಿ ಇದೆ. ನೀರು ತುಂಬಿದ ಹಸಿರೆಲೆ ಈ ತರಂಗಗಳನ್ನು ಹೀರಿಕೊಳ್ಳುತ್ತದೆ. ಮೇಲಾಗಿ ನಿಸ್ತಂತು ಸಂಪರ್ಕಕ್ಕೆ ದಾರದಂತಹ ನೇರ ದೃಷ್ಟಿ ಸಾಲದು, ಅದರ ಸುತ್ತ ಸೌತೆಕಾಯಿ ಆಕಾರದ ತೆರವು ಜಾಗವೂ ಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಒಂದು ಕಿಲೋಮೀಟರ್ ಅಂತರಕ್ಕೆ ಈ ವಲಯದ ತ್ರಿಜ್ಯ ನಡುಭಾಗದಲ್ಲಿ ಸುಮಾರು 5.6 ಮೀಟರ್. ಅದರ ಶೇ. 60ರಷ್ಟಾದರೂ, ಅಂದರೆ ಮೂರು ಮೀಟರ್‌ಗೂ ಮಿಗಿಲಾಗಿ, ತೆರವಿರಬೇಕು. ಕಬ್ಬು ಮೂರು ಮೀಟರ್ ಬೆಳೆದಿದ್ದರೆ ಎರಡೂ ತುದಿಯ ಆಂಟೆನಾಗಳು ನೆಲದಿಂದ ಆರೂವರೆ ಮೀಟರ್ ಎತ್ತರದಲ್ಲಿರಬೇಕಾಗುತ್ತದೆ. ಕಟಾವಿನ ನಂತರ ಪರೀಕ್ಷಿಸಿ ಸಂತೋಷಪಟ್ಟವರು ಮಳೆಗಾಲದಲ್ಲಿ ಪರಿತಪಿಸಬೇಕಾದೀತು. ಬೆಳೆ ನಿಂತಿರುವಾಗಲೇ ಪರೀಕ್ಷಿಸಬೇಕು.

ವಿದ್ಯುತ್ತಿನ ಲೆಕ್ಕ

ಘಟಪ್ರಭೆಯ ನೀರಿನ ಬಲವನ್ನು 1887ರಲ್ಲೇ ನೂಲಿನ ಗಿರಣಿಗೆ ಹೂಡಿದ ಊರು ಗೋಕಾಕ. ನೆರೆಯ ಹುಕ್ಕೇರಿಯ ಕಥೆ ಇನ್ನೂ ವಿಶಿಷ್ಟ. ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳನ್ನು ದೇಶದ ಐದು ಕಡೆ ಪ್ರಯೋಗಾರ್ಥವಾಗಿ ಆರಂಭಿಸಿದಾಗ ಈ ರಾಜ್ಯದಿಂದ ಆಯ್ಕೆಯಾದುದು ಹುಕ್ಕೇರಿ. 1969ರಲ್ಲಿ ಸ್ಥಾಪಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಲ್ಲಿ ದೀಪ ಉರಿಸುವವರೇ ಸದಸ್ಯರು. ತಂತಿ ಎಳೆಯುವ ಕೆಲಸವನ್ನೇ ಸಹಕಾರ ತತ್ವದಲ್ಲಿ ನಡೆಸಿದ ಸೀಮೆಗೆ ತಂತಿಯಿಲ್ಲದ ಜಾಲವನ್ನು ಜನರೇ ನಡೆಸುವ ವಿಚಾರ ಅಪರಿಚಿತವೇನಲ್ಲ.

ಪೈ 3 ಅಥವಾ 4 ಪ್ರವೇಶ ಬಿಂದುವಾಗಿ ಕೆಲಸ ಮಾಡುವಾಗ ನಾಲ್ಕು ವ್ಯಾಟ್ ಎಂದು ಲೆಕ್ಕ ಹಿಡಿಯಬಹುದು. 12 ವೋಲ್ಟ್, 7 ಆಂಪಿಯರ್-ಗಂಟೆಯ ಸಾಮಾನ್ಯ ಸೀಸದ ಬ್ಯಾಟರಿಯಲ್ಲಿ 84 ವ್ಯಾಟ್-ಗಂಟೆ ಇರುತ್ತದೆ. ಬ್ಯಾಟರಿಯ ಬಾಳಿಕೆಗಾಗಿ ಅರ್ಧವನ್ನಷ್ಟೇ ಬಳಸಿ, 5 ವೋಲ್ಟ್‌ಗೆ ಇಳಿಸುವಾಗಿನ ನಷ್ಟ ಕಳೆದರೆ 36 ಉಳಿಯುತ್ತದೆ; ಅಂದರೆ ಒಂಬತ್ತು ಗಂಟೆಗಳ ಚಾಲನೆ. ಸಣ್ಣ ಸೌರಫಲಕವೊಂದು ಹಗಲಿನಲ್ಲಿ ಇದನ್ನು ತುಂಬಿಕೊಡಬಲ್ಲದು, ಆದರೆ ನೆರೆ ಬರುವ ಮೋಡದ ದಿನಗಳಲ್ಲಿ ಅದರ ಮೇಲೆ ಪೂರ್ಣ ಭರವಸೆ ಸಲ್ಲದು. ದೊಡ್ಡ ಬ್ಯಾಟರಿ ಇಟ್ಟುಕೊಳ್ಳುವುದೇ ಜಾಣತನ.

ಅಗ್ಗದ ಮೊಬೈಲ್ ಚಾರ್ಜರ್ ಬಳಸಬಾರದು. ಪೈ 3ಕ್ಕೆ 2.5 ಆಂಪಿಯರ್, ಪೈ 4ಕ್ಕೆ 3 ಆಂಪಿಯರ್ ಒದಗಿಸುವ ಅಡಾಪ್ಟರ್ ಬೇಕು. ವಿದ್ಯುತ್ ಒಮ್ಮೆಲೆ ಹೋದಾಗ ಮೆಮೊರಿ ಕಾರ್ಡ್‌ನಲ್ಲಿ ಬರೆಯುತ್ತಿದ್ದ ಕಡತ ಕೆಡುತ್ತದೆ. ಇಂತಹ ಪೆಟ್ಟಿಗೆಗಳು ಮೂಲೆ ಸೇರಲು ಇದೇ ಪ್ರಮುಖ ಕಾರಣ. ರಾಸ್ಪಿ-ಕಾನ್ಫಿಗ್ ಪಟ್ಟಿಯಲ್ಲಿರುವ ಓವರ್‌ಲೇ ಕಡತ ವ್ಯವಸ್ಥೆಯನ್ನು ಆರಿಸಿದರೆ ಕಾರ್ಡ್ ಓದಲು ಮಾತ್ರ ಬಳಕೆಯಾಗಿ ಅಪಾಯ ತಪ್ಪುತ್ತದೆ. ಹೊಸ ಪುಸ್ತಕ ಸೇರಿಸುವಾಗ ಅದನ್ನು ತಾತ್ಕಾಲಿಕವಾಗಿ ತೆಗೆಯಬೇಕು.

ದೇವರಾಯನದುರ್ಗದ ದಾರಿ

ಊರಿನದೇ ಜಾಲ ಎಂಬುದು ಕರ್ನಾಟಕಕ್ಕೆ ಹೊಸತಲ್ಲ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟಗಳ ಸುತ್ತಲಿನ ಹಳ್ಳಿಗಳಲ್ಲಿ ಜನಸ್ತು ಎಂಬ ಸ್ವಯಂಸೇವಾ ಸಂಸ್ಥೆಯು ಸಮುದಾಯ ಒಡೆತನದ ವೈ-ಫೈ ಮೆಶ್ ಜಾಲವನ್ನು ರೂಪಿಸಿದೆ. ಮೆಶ್ ಎಂದರೆ ಪ್ರತಿಯೊಂದು ರೂಟರ್ ಪಕ್ಕದ್ದರೊಡನೆ ಮಾತನಾಡಿ ಮಾಹಿತಿಯನ್ನು ಕೈಯಿಂದ ಕೈಗೆ ದಾಟಿಸುವ ಬಲೆ. ಒಂದು ಕೊಂಡಿ ಕಳಚಿದರೆ ಇನ್ನೊಂದು ದಾರಿ. ಜಾಲದೊಳಗಿನ ಸಣ್ಣ ಗಣಕಗಳಲ್ಲಿ ಸ್ಥಳೀಯರ ಧ್ವನಿಮುದ್ರಣಗಳನ್ನು ಇರಿಸಲಾಗುತ್ತದೆ. ಓದು ಬರಹ ಬಾರದವರೂ ತಮ್ಮ ಅನುಭವ, ಕಥೆಗಳನ್ನು ಹೇಳಿ ದಾಖಲಿಸಬಹುದು, ಬೇರೆಯವರದನ್ನು ಕೇಳಬಹುದು. ಅಂತರ್ಜಾಲದಿಂದ ಇಳಿಸಿದ ವಿಶ್ವಕೋಶಕ್ಕಿಂತ ಊರಿನವರ ದನಿಯೇ ಜನರನ್ನು ಪೆಟ್ಟಿಗೆಯ ಬಳಿ ಕರೆತರುತ್ತದೆಂದು ಈ ಲೇಖಕನ ಅನಿಸಿಕೆ. ಪಾರಿಜಾತದ ಹಾಡುಗಾರರಿರುವ ಗೋಕಾಕ ಸೀಮೆಯಲ್ಲಿ ಮುದ್ರಿಸಿಕೊಳ್ಳಲು ದನಿಗಳಿಗೆ ಬರವೇ?

ಕಾನೂನು ಏನೆನ್ನುತ್ತದೆ?

2005ರ ಜನವರಿಯ ಅಧಿಸೂಚನೆಯ ಮೂಲಕ ಕೇಂದ್ರ ಸರ್ಕಾರವು 2.4 ಗಿಗಾಹರ್ಟ್ಸ್ ಪಟ್ಟಿಯ ಬಳಕೆಗೆ ಪರವಾನಗಿ ಅಗತ್ಯವನ್ನು ತೆಗೆದುಹಾಕಿತು. ಪ್ರಸಾರ ಶಕ್ತಿಗೆ ನಾಲ್ಕು ವ್ಯಾಟ್‌ಗಳ ಮಿತಿ ಇದೆ. ಆಂಟೆನಾ ಅಧಿಕೃತ ಕಟ್ಟಡದ ಛಾವಣಿಯಿಂದ ಐದು ಮೀಟರ್‌ಗಿಂತ ಮೇಲೇರಬಾರದು. ಒಂದು ಅಂತಸ್ತಿನ ಶಾಲೆಯ ಮೇಲೆ ಕಬ್ಬಿಗಿಂತ ಎತ್ತರಕ್ಕೇರಲು ಇಷ್ಟು ಸಾಕು. 5 ಗಿಗಾಹರ್ಟ್ಸ್ ಪಟ್ಟಿಯ ಹೊರಾಂಗಣ ಬಳಕೆಗೆ 2018ರ ಅಕ್ಟೋಬರ್‌ನಲ್ಲಿ ವಿನಾಯಿತಿ ವಿಸ್ತರಿಸಿತು.

ಹೊರಗಿನ ಸಂಪರ್ಕವಿಲ್ಲದೆ ಒಳಗಿನ ಪುಸ್ತಕ ಮಾತ್ರ ಹಂಚುವ ಪೆಟ್ಟಿಗೆಗೆ ಇದಕ್ಕಿಂತ ಹೆಚ್ಚಿನ ಜಂಜಾಟವಿಲ್ಲ. ಅಂತರ್ಜಾಲವನ್ನು ಸಾರ್ವಜನಿಕರಿಗೆ ಹಂಚುವುದು ಬೇರೆಯೇ ಮಾತು. 2008ರ ಜುಲೈನ ಅಹಮದಾಬಾದ್ ಸ್ಫೋಟದ ವೇಳೆ ನವಿ ಮುಂಬಯಿಯ ಮನೆಯೊಂದರ ಗುಪ್ತಪದವಿಲ್ಲದ ವೈ-ಫೈ ದುರ್ಬಳಕೆಯಾಗಿ, ಆ ಮನೆಯ ನಿವಾಸಿ ವಿಚಾರಣೆ ಎದುರಿಸಬೇಕಾಯಿತು. ಮರುವರ್ಷ ದೂರಸಂಪರ್ಕ ಇಲಾಖೆಯು ವೈ-ಫೈ ಭದ್ರತೆಯ ಕುರಿತು ಸೂಚನೆ ಹೊರಡಿಸಿತು. ಮನೆಯ ಸಂಪರ್ಕವನ್ನು ನೆರೆಹೊರೆಗೆ ಮಾರುವುದಕ್ಕೂ ಅವಕಾಶವಿಲ್ಲ. ಅಧಿಕೃತವಾಗಿ ಹಂಚಬಯಸುವವರಿಗೆ 2020ರ ಡಿಸೆಂಬರ್‌ನಲ್ಲಿ ಸಚಿವ ಸಂಪುಟ ಅನುಮೋದಿಸಿದ ಪಿಎಂ-ವಾಣಿ ಯೋಜನೆ ಇದೆ. ಅದರಡಿ ಕಿರಾಣಿ ಅಂಗಡಿಯವರೂ ಸಾರ್ವಜನಿಕ ಡೇಟಾ ಕಚೇರಿ ತೆರೆಯಬಹುದು. ಅವರಿಗೆ ಪರವಾನಗಿ, ನೋಂದಣಿ, ಶುಲ್ಕ ಯಾವುದೂ ಇಲ್ಲ. ಬಳಕೆದಾರರ ಗುರುತು, ಲೆಕ್ಕಪತ್ರಗಳ ಹೊಣೆಯನ್ನು ನೋಂದಾಯಿತ ಮಧ್ಯವರ್ತಿ ಸಂಸ್ಥೆ ಹೊರುತ್ತದೆ.

ಎಲ್ಲವೂ ಸಿದ್ಧವಾದ ದಿನ ಮಾಡಬೇಕಾದ ಕೆಲಸವೊಂದು ಉಳಿದಿರುತ್ತದೆ. ಗಣಕವನ್ನು ಆರಿಸಿ, ಮೆಮೊರಿ ಕಾರ್ಡ್ ಹೊರತೆಗೆದು, ಅದರ ಪೂರ್ಣ ನಕಲನ್ನು ಇನ್ನೊಂದು ಕಾರ್ಡ್‌ಗೆ ಮಾಡಿ, ಮೇಲೆ ದಿನಾಂಕ ಬರೆದು ನೀರು ತಾಗದ ಚೀಲದಲ್ಲಿ ಹಾಕಿ ಬೇರೊಬ್ಬರ ಮನೆಯಲ್ಲಿ ಇಡಬೇಕು. ಆ ಮನೆ ನದಿಯಿಂದ ದೂರದ, ಎತ್ತರದ ಓಣಿಯಲ್ಲಿರಲಿ. ಮೂಲ ಕಾರ್ಡ್ ಕೆಟ್ಟರೆ ಬದಲಿಸಲು ಎರಡು ನಿಮಿಷ ಸಾಕು.